ತಾಮ್ರದ ಯಾವ ಕಡ್ಡಿ ಸವೆಯುತ್ತದೆ?

ಕೆಮಿಸ್ಟ್ರಿ ಪಾಠ ಹೇಳಲು ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಹೊರಡುವ ಹೊತ್ತಿಗೆ ಒಂದು ಮಾತು ಕೇಳುತ್ತಾರೆ. "ಮೇಡಂ, ಪ್ರಾಬ್ಲಮ್ಸ್ ಹೆಂಗೆ ಮಾಡ್ಸೋದು? ಥಿಯರಿ ಹೆಂಗೋ ಆಗುತ್ತೆ. ಲೆಕ್ಕ ಅಂದ ತಕ್ಷಣ ಮಕ್ಕಳು ಕಿಟಕಿ ಕಡೆ ನೋಡ್ತಾರೆ."

ನಾನು ಶಿವಮೊಗ್ಗದಲ್ಲೇ ಮನೆ ಮಾಡಿಕೊಂಡು, ಭದ್ರಾವತಿಯ ನ್ಯೂ ಟೌನಿನ ಒಂದು ಪಿಯು ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ನೌಕರಿ ಮುಗಿಸಿದವಳು. ದ್ರಾವಣಗಳು, ವಿದ್ಯುತ್ ಕೋಶಗಳು, ಶಾಖದ ಅಳತೆ: ಈ ಮೂರು ಪಾಠಗಳ ಲೆಕ್ಕಗಳನ್ನು ವರ್ಷ ವರ್ಷವೂ ಅವೇ ಬೋರ್ಡುಗಳ ಮೇಲೆ ಬಿಡಿಸಿದ್ದೇನೆ. ಬೇಸರ ಬರಲಿಲ್ಲವಾ ಎಂದು ನನ್ನ ತಂಗಿಯೂ ಕೇಳಿದ್ದುಂಟು. ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಸಿದ್ಧಾಂತವಿಲ್ಲ, ನಡೆದ ಕೆಲವು ಸಂಗತಿಗಳಿವೆ. ಅವನ್ನೇ ಹೇಳುತ್ತೇನೆ.

ನಾನು ಸೇರಿದಾಗ ನಮ್ಮ ವಿಭಾಗಕ್ಕೆ ರುದ್ರಪ್ಪ ಸರ್ ಹಿರಿಯರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಯಾವಾಗಲೂ ಒಂದು ಥರ್ಮಾಮೀಟರು. ಮೊದಲ ವಾರವೇ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕುಳಿತರು. ನಾನು ಆಸಿಡ್ಡಿಗೆ ಕ್ಷಾರ ಬೆರೆಸಿದಾಗ ಹುಟ್ಟುವ ಶಾಖದ ಲೆಕ್ಕ ಮಾಡಿಸುತ್ತಿದ್ದೆ. ಸೂತ್ರ ಬರೆದೆ, ಸಂಖ್ಯೆ ತುಂಬಿದೆ, ಉಷ್ಣತೆ ಆರು ಪಾಯಿಂಟ್ ಎಂಟು ಡಿಗ್ರಿ ಏರುತ್ತದೆ ಎಂದು ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆದೆ. ಚೆನ್ನಾಗಿಯೇ ಆಯಿತು ಅಂದುಕೊಂಡೆ.

ರುದ್ರಪ್ಪ ಸರ್ ಎದ್ದು ನಿಂತರು. "ಅಮ್ಮಾ, ಆರು ಪಾಯಿಂಟ್ ಎಂಟು ಅಂತ ಬಂತಲ್ಲ, ಅದನ್ನ ಯಾರು ನೋಡಿದ್ದಾರೆ?"

ಎಂಎಸ್ಸಿ ಮುಗಿಸಿ ಬಂದಿದ್ದರೂ ಆ ಉತ್ತರ ಎಲ್ಲಾದರೂ ಹೊರಗೆ ಇರುತ್ತದೆ, ಹೋಗಿ ನೋಡಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಅವರು ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋದರು. ಅಗಲ ಬಾಯಿಯ ಎರಡು ಪ್ಲಾಸ್ಟಿಕ್ ಡಬ್ಬಿ ಇಟ್ಟರು. "ಒಂದರಲ್ಲಿ ಮೇಡಂ ಹೇಳಿದಷ್ಟೇ ಆಸಿಡ್ಡು, ಅಷ್ಟೇ ಕ್ಷಾರ. ಇನ್ನೊಂದರಲ್ಲಿ ಎರಡೂ ಡಬಲ್. ಇದರಲ್ಲಿ ಆರೂ ಎಂಟು ಏರುತ್ತೆ. ಅದರಲ್ಲಿ ಎಷ್ಟು ಏರುತ್ತೆ? ಕೈ ಎತ್ತಿ."

ಹದಿಮೂರು ಚಿಲ್ಲರೆ ಎಂದು ಮುಕ್ಕಾಲು ಪಾಲು ಕೈಗಳು ಎದ್ದವು. ಎರಡು ಪಟ್ಟು ಬೆಂಕಿ ಹಾಕಿದರೆ ಎರಡು ಪಟ್ಟು ಬಿಸಿ, ಅದು ಅವರ ನ್ಯಾಯ. ರುದ್ರಪ್ಪ ಸರ್ ಬೆರೆಸಿ, ಥರ್ಮಾಮೀಟರನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟು ಜೋರಾಗಿ ಓದಿಸಿದರು. ಮೊದಲ ಡಬ್ಬಿ ಆರಕ್ಕೆ ಸ್ವಲ್ಪ ಮೇಲೆ ನಿಂತಿತು. ಎರಡನೆಯದೂ ಅಲ್ಲೇ, ಕೂದಲೆಳೆಯಷ್ಟು ಹೆಚ್ಚು. ಮಕ್ಕಳು ಮೇಜಿನ ಮೇಲೆ ಬಗ್ಗಿ ಬಗ್ಗಿ ನೋಡಿದರು. ಶಾಖ ಎರಡು ಪಟ್ಟು ಹುಟ್ಟಿದ್ದು ನಿಜ. ಆದರೆ ಅದನ್ನು ಹಂಚಿಕೊಳ್ಳುವ ನೀರೂ ಎರಡು ಪಟ್ಟಾಗಿತ್ತು. ಸೂತ್ರದಲ್ಲಿ ಆ ಮಾತು ಇದ್ದೇ ಇತ್ತು. ನಾನೇ ಬರೆದಿದ್ದೆ. ಓದಿರಲಿಲ್ಲ.

ಥರ್ಮಾಮೀಟರ್ ಹಿಡಿದಿದ್ದ ಹುಡುಗಿ ಕೇಳಿದಳು. "ಸರ್, ಲೆಕ್ಕ ಆರೂ ಎಂಟು ಅಂದಿತ್ತು. ಇದು ಆರೂ ಚಿಲ್ಲರೆ. ಉಳಿದಿದ್ದು ಎಲ್ಲಿ ಹೋಯ್ತು?"

"ಡಬ್ಬಿ ಹಿಡ್ಕೋ ಮಗಳೇ," ಎಂದರು. ಅವಳು ಎರಡು ಕೈಯಲ್ಲಿ ಹಿಡಿದಳು. "ಬೆಚ್ಚಗಿದೆ ಸರ್."

"ಅಲ್ಲಿದೆ ನೋಡು. ಸ್ವಲ್ಪ ಡಬ್ಬಿಗೆ, ಸ್ವಲ್ಪ ಗಾಳಿಗೆ, ಸ್ವಲ್ಪ ಈಗ ನಿನ್ನ ಕೈಗೆ."

ಆ ಹುಡುಗಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಾಗದದ ಮೇಲೆ ಮಾಡಿದ ಗುಣಾಕಾರವನ್ನು ಡಬ್ಬಿಯಲ್ಲಿದ್ದ ನೀರು ಹೆಚ್ಚು ಕಮ್ಮಿ ಪಾಲಿಸಿತ್ತು. ಪಾಲಿಸದ ಒಂದಿಷ್ಟಕ್ಕೂ ಸರಿಯಾದ ವಿಳಾಸವಿತ್ತು.

ಅಂದಿನಿಂದ ಲೆಕ್ಕ ಮೊದಲು, ನೋಡುವುದು ಆಮೇಲೆ ಎಂಬುದು ನಮ್ಮಲ್ಲಿ ರೂಢಿಯಾಯಿತು. ದ್ರಾವಣಗಳ ಪಾಠಕ್ಕೆ ರುದ್ರಪ್ಪ ಸರ್ ಮೈಲುತುತ್ತ ತರುತ್ತಿದ್ದರು. ಅಡಿಕೆಗೆ ಕೊಳೆರೋಗ ಬಾರದಂತೆ ಸುಣ್ಣದ ಜೊತೆ ಸೇರಿಸಿ ಹೊಡೆಯುವ ಅದೇ ನೀಲಿ ಹರಳು, ತಾಮ್ರದ ಲವಣ. "ನೂರು ಲೀಟರಿಗೆ ಒಂದು ಕೆಜಿ ಹಾಕ್ತಾರೆ. ಮೊಲಾರಿಟಿ ಎಷ್ಟು, ಲೀಟರಿಗೆ ಎಷ್ಟು ಮೋಲ್?" ಎನ್ನುತ್ತಿದ್ದರು. ಹರಳಿನೊಳಗೆ ಅವಿತಿರುವ ನೀರನ್ನೂ ತೂಕಕ್ಕೆ ಸೇರಿಸಬೇಕೆಂದು ನೆನಪಾದವರಿಗೆ ಮಾತ್ರ ಪಾಯಿಂಟ್ ಸೊನ್ನೆ ನಾಲ್ಕು ಬರುತ್ತಿತ್ತು. ಒಣಗಿದ ಹರಳಿನೊಳಗೆ ನೀರು ಇದೆ ಎನ್ನುವುದನ್ನು ಮಕ್ಕಳು ನಂಬುತ್ತಿರಲಿಲ್ಲ. ಪ್ರನಾಳದಲ್ಲಿ ಹಾಕಿ ಕಾಯಿಸಿದರೆ ನೀಲಿ ಹೋಗಿ ಬಿಳಿಯಾಗುತ್ತದೆ, ಗಾಜಿನ ಬಾಯಿಯಲ್ಲಿ ಹನಿ ಕೂರುತ್ತದೆ. ಆಗ ನಂಬುತ್ತಿದ್ದರು.

ಒಂದು ಸಲ ಇಲಾಖೆಯಿಂದ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಅವರೆದುರು ಸತು ಮತ್ತು ತಾಮ್ರದ ಕೋಶ ತೋರಿಸುವುದು ನನ್ನ ಪಾಲಿಗೆ ಬಂತು. ಎರಡು ಬೀಕರ್, ಎರಡು ಲೋಹದ ಪಟ್ಟಿ, ಎರಡನ್ನೂ ಸೇರಿಸಲು ಉಪ್ಪಿನ ದ್ರಾವಣ ತುಂಬಿದ ಬಾಗಿದ ಗಾಜಿನ ಕೊಳವೆ, ಅಂದರೆ ಲವಣ ಸೇತುವೆ. ಬೋರ್ಡಿನ ಮೇಲೆ ಲೆಕ್ಕ ಒಂದು ಪಾಯಿಂಟ್ ಒಂದು ವೋಲ್ಟ್ ಎಂದಿತು. ತಂತಿ ಜೋಡಿಸಿದೆ. ಮೀಟರು ಸೊನ್ನೆ. ಮತ್ತೆ ಜೋಡಿಸಿದೆ. ಸೊನ್ನೆ. ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡೆ. ಪ್ರಿನ್ಸಿಪಾಲರ ಮುಖ ಬಿಳಿಚಿತು.

ರುದ್ರಪ್ಪ ಸರ್ ಮುಂದೆ ಬಂದರು. "ಸಾಹೇಬ್ರೇ, ಒಂದ್ನಿಮಿಷ ಕೂತ್ಕೊಳಿ. ಈಗ ಪಾಠ ಶುರುವಾಯ್ತು," ಎಂದು ಮಕ್ಕಳ ಕಡೆ ತಿರುಗಿದರು. "ಲೆಕ್ಕ ಒಂದೂ ಒಂದು ಅಂತಿದೆ. ಮೀಟರು ಸೊನ್ನೆ ಅಂತಿದೆ. ಯಾರ ಮಾತು ನಂಬ್ತೀರಿ?"

"ಮೀಟರ್ ಸರ್!" "ಲೆಕ್ಕ ಸರ್!" ಎರಡೂ ಕೇಳಿಬಂತು.

"ಇಬ್ಬರನ್ನೂ ನಂಬಿ. ಆಗ ಮಧ್ಯ ಎಲ್ಲೋ ದಾರಿ ಕಟ್ಟಾಗಿದೆ ಅಂತ ತಾನೇ ತಿಳಿಯುತ್ತೆ. ಹುಡುಕಿ."

ಹುಡುಕಿದರು. ಕೊಳವೆಯ ಬಾಗಿದ ಜಾಗದಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಆ ಕೊಳವೆಯನ್ನೇ ತೆಗೆದಿಟ್ಟು, ಫಿಲ್ಟರ್ ಕಾಗದದ ಪಟ್ಟಿಯೊಂದನ್ನು ಉಪ್ಪಿನ ದ್ರಾವಣದಲ್ಲಿ ಅದ್ದಿ ಎರಡು ಬೀಕರಿಗೂ ಇಳಿಬಿಟ್ಟೆವು. ಮುಳ್ಳು ಒಂದನ್ನು ದಾಟಿ ನಿಂತಿತು. ಕಡಲೆಕಾಳಿನಷ್ಟು ಗಾಳಿ ಒಂದು ಇಡೀ ಕೋಶವನ್ನು ತಡೆದಿತ್ತು, ಒಂದು ಒದ್ದೆ ಕಾಗದ ಅದನ್ನು ಎಬ್ಬಿಸಿತ್ತು. ಅಧಿಕಾರಿ ಬೇರೆ ತರಗತಿಗಳಿಗೆ ಹೋಗಲೇ ಇಲ್ಲ. ಆ ಕಾಗದವನ್ನು ತಾವೇ ಎತ್ತಿ, ಇಳಿಸಿ, ಎತ್ತಿ, ಇಳಿಸಿ ಮುಳ್ಳು ನೋಡುತ್ತ ಅಲ್ಲೇ ಉಳಿದರು.

ರುದ್ರಪ್ಪ ಸರ್ ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ ಸೆಲ್ವಿ ನಮ್ಮ ಕಾಲೇಜಿಗೆ ಬಂದಳು. ನನ್ನ ನೌಕರಿಯಲ್ಲಿ ಹೇಳಲೇಬೇಕಾದ ಸಂಗತಿ ಅಂದರೆ ಅವಳದೇ.

ಅವಳ ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸಗಾರ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಫಸ್ಟ್ ಪಿಯುಸಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಬರೆಯುವಾಗ ಮೂಗು ಪುಸ್ತಕಕ್ಕೆ ತಾಗುತ್ತಿತ್ತು. ಕಣ್ಣಿನ ಒಳಪರದೆ ನಿಧಾನವಾಗಿ ಸೋಲುವ ಕಾಯಿಲೆ, ಔಷಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಸೆಕೆಂಡ್ ಪಿಯುಸಿ ಶುರುವಾಗುವ ಹೊತ್ತಿಗೆ ಬೋರ್ಡು ಅವಳಿಗೆ ಬರೀ ಕಪ್ಪು ನೆರಳಾಗಿತ್ತು.

ಆಗಿನ ಪ್ರಿನ್ಸಿಪಾಲ್ ಹಾಲೇಶಪ್ಪನವರು ಒಳ್ಳೆಯವರೇ. ಆದರೆ ಹೆದರಿಕೆಯ ಮನುಷ್ಯ. ಸೆಲ್ವಿಯನ್ನೂ ಅವಳ ತಾಯಿಯನ್ನೂ ಕೊಠಡಿಗೆ ಕರೆಸಿದರು, ನನ್ನನ್ನೂ ಕರೆದರು. "ನೋಡಮ್ಮಾ, ಲ್ಯಾಬಲ್ಲಿ ಆಸಿಡ್ ಇರುತ್ತೆ, ಬೆಂಕಿ ಇರುತ್ತೆ. ಏನಾದ್ರೂ ಆದ್ರೆ? ಆರ್ಟ್ಸ್‌ಗೆ ಹಾಕ್ಸಿ. ಒಂದು ವರ್ಷ ಹೋಗುತ್ತೆ, ಹೋಗ್ಲಿ. ಜೀವನ ಮುಖ್ಯ."

ತಾಯಿ ನನ್ನ ಕಡೆ ನೋಡಿದರು. "ಮೇಡಂ, ನಾನು ಓದಿಲ್ಲ. ನೀವು ಹೇಳಿದ ಹಾಗೆ ಮಾಡ್ತೀನಿ."

ಸೆಲ್ವಿ ಮಾತ್ರ ಯಾರ ಕಡೆಯೂ ನೋಡಲಿಲ್ಲ. "ಸರ್, ಅಯಾನು ನಿಮಗೆ ಕಾಣುತ್ತಾ?" ಎಂದು ಕೇಳಿದಳು.

ಹಾಲೇಶಪ್ಪನವರಿಗೆ ಅರ್ಥವಾಗಲಿಲ್ಲ. "ಏನು?"

"ಬೀಕರ್ ಒಳಗೆ ವಿದ್ಯುತ್ ಹೊತ್ತು ಅಯಾನು ಓಡಾಡ್ತಾವಲ್ಲ ಸರ್. ಅವು ಯಾರಿಗೂ ಕಾಣಲ್ಲ. ಎಲ್ಲರೂ ಲೆಕ್ಕ ಹಾಕೇ ತಿಳ್ಕೊಳೋದು. ನಾನೂ ಹಂಗೇ ತಿಳ್ಕೊತೀನಿ."

ಧಿಮಾಕಿನಿಂದ ಹೇಳಿದ ಮಾತಲ್ಲ ಅದು. ಅಮ್ಮನ ಕೈ ಹಿಡಿದುಕೊಂಡೇ ಹೇಳಿದಳು. ಹಾಲೇಶಪ್ಪನವರು ಕನ್ನಡಕ ತೆಗೆದು ಒರೆಸಿದರು. "ವಿಶಾಲಾಕ್ಷಿ ಮೇಡಂ, ನೀವು ನೋಡ್ಕೋತೀರಾ?" ಎಂದರು. "ನೋಡ್ಕೋತೀನಿ ಸರ್," ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಬೋರ್ಡಿನ ಮುಂದೆ ನಿಂತಾಗ ತಿಳಿಯಿತು, ನಾನು ಇಷ್ಟು ವರ್ಷ ಪಾಠವನ್ನು ಬಾಯಲ್ಲಿ ಹೇಳಿಯೇ ಇರಲಿಲ್ಲ ಎಂದು. "ಇದನ್ನ ಇಲ್ಲಿ ಹಾಕಿ", "ಇದು ಅದಕ್ಕೆ ಸಮ", "ಆಮೇಲೆ ಹಿಂಗೆ". ಬೆರಳು ತೋರಿಸಿ ಮುಗಿಸುತ್ತಿದ್ದೆ. ಬೆರಳು ಕಾಣದವಳಿಗೆ "ಇದು" ಅಂದರೆ ಯಾವುದು? ಪ್ರತಿ ಸಂಖ್ಯೆಗೂ ಹೆಸರು ಹೇಳಬೇಕಾಯಿತು. ಎಷ್ಟು ಗ್ರಾಂ, ಯಾವುದರ ಗ್ರಾಂ, ಎಷ್ಟು ನೀರಿನಲ್ಲಿ. ಲೆಕ್ಕಕ್ಕೆ ಇಳಿಯುವ ಮೊದಲು ಬೀಕರಿನಲ್ಲಿ ಏನು ನಡೆಯುತ್ತಿದೆ ಎಂದು ಕಥೆಯ ಹಾಗೆ ಹೇಳಬೇಕಾಯಿತು. ವಿಚಿತ್ರವೆಂದರೆ, ಹಿಂದಿನ ಬೆಂಚಿನ ಹುಡುಗರು ಕಿಟಕಿ ಕಡೆ ನೋಡುವುದನ್ನು ಬಿಟ್ಟರು.

ಮೊಲಾರಿಟಿಗೂ ಮೊಲಾಲಿಟಿಗೂ ಇರುವ ವ್ಯತ್ಯಾಸ ಪ್ರತಿ ವರ್ಷ ಕಲಸುಮೇಲೋಗರವಾಗುತ್ತಿತ್ತು. ಒಂದು ಲೀಟರಿನ ಲೆಕ್ಕ, ಒಂದು ಕಿಲೋ ನೀರಿನ ಲೆಕ್ಕ ಎಂದು ಬಾಯಿಪಾಠ ಮಾಡುತ್ತಿದ್ದರು. ಸೆಲ್ವಿ ಸ್ವಲ್ಪ ಯೋಚಿಸಿ ಕೇಳಿದಳು. "ಮೇಡಂ, ಬಿಸಿ ಆದ್ರೆ ನೀರು ಹಿಗ್ಗುತ್ತೆ. ಲೀಟರ್ ಲೆಕ್ಕ ಬದಲಾಗುತ್ತೆ. ತೂಕ ಹಿಗ್ಗಲ್ಲ. ಹಂಗಾದ್ರೆ ಒಂದು ಬೇಸಿಗೇಲಿ ಬೇರೆ, ಚಳಿಗಾಲದಲ್ಲಿ ಬೇರೆ. ಇನ್ನೊಂದು ಯಾವಾಗ್ಲೂ ಒಂದೇ. ಸರೀನಾ?" ಸರಿಯಾಗಿತ್ತು. ಆ ವರ್ಷ ಆ ಪ್ರಶ್ನೆಯನ್ನು ಯಾರೂ ತಪ್ಪು ಮಾಡಲಿಲ್ಲ.

ಕೋಶದ ಪಾಠ ಬಂದಾಗ ಸಮಸ್ಯೆಯಾಯಿತು. ಮೀಟರಿನ ಮುಳ್ಳನ್ನು ಅವಳಿಗೆ ತೋರಿಸುವುದು ಹೇಗೆ? ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ, ಬಿಚ್ಚಿದರೆ ಹಾಡುವ ಹುಟ್ಟುಹಬ್ಬದ ಕಾರ್ಡು ಕಂಡಾಗ ಉಪಾಯ ಹೊಳೆಯಿತು. ಒಂದು ಕೊಂಡು, ಒಳಗಿನ ಚಿಕ್ಕ ಬಿಲ್ಲೆ ಬ್ಯಾಟರಿ ಕಿತ್ತು, ಎರಡು ತಂತಿ ಹೊರಗೆಳೆದೆ. ಫಿಸಿಕ್ಸ್ ಲ್ಯಾಬಿನಿಂದ ಮಣ್ಣಿನ ಪಾತ್ರೆಯ ಹಳೇ ಡೇನಿಯಲ್ ಕೋಶಗಳನ್ನು ತಂದೆ, ಅವೂ ಸತು ತಾಮ್ರದ ಜೋಡಿಯವೇ.

ಒಂದು ಕೋಶಕ್ಕೆ ಜೋಡಿಸಿದಾಗ ಕಾರ್ಡು ಕುಂಯ್ ಎಂದು ಸುಮ್ಮನಾಯಿತು. "ಒಂದೂ ಒಂದು ಸಾಲ್ತಿಲ್ಲ," ಎಂದಳು ಸೆಲ್ವಿ. "ಎರಡು ಸಾಲಾಗಿ ಇಟ್ರೆ ಎರಡೂ ಎರಡು ಆಗ್ಬೇಕು." ಎರಡನೆಯದನ್ನು ಅವಳ ಕೈಯಿಂದಲೇ ಜೋಡಿಸಿದೆ. ಲ್ಯಾಬಿನ ತುಂಬ ಹುಟ್ಟುಹಬ್ಬದ ರಾಗ ಕೇಳಿತು. ಹುಡುಗರು ಹೋ ಎಂದು ಚಪ್ಪಾಳೆ ತಟ್ಟಿದರು. ಸೆಲ್ವಿ ಸತುವಿನ ಕಡ್ಡಿಯನ್ನು ನಿಧಾನವಾಗಿ ಮೇಲೆತ್ತಿದಳು. ರಾಗ ಕ್ಷೀಣಿಸಿ ನಿಂತಿತು. ಇಳಿಸಿದಳು. ಮತ್ತೆ ಬಂತು.

"ಮೇಡಂ," ಎಂದಳು ಪಿಸುಮಾತಿನಲ್ಲಿ, "ಈಗ ಈ ಕಡ್ಡಿ ಸವೀತಿದೆ ಅಲ್ವಾ? ಸವೆಯೋದೇ ನಮಗೆ ಹಾಡಾಗಿ ಕೇಳ್ತಿದೆ."

ಕಡ್ಡಿ ಹಿಡಿದ ಅವಳ ಬೆರಳ ಪಕ್ಕದಲ್ಲಿ ನಾನೂ ಬೆರಳಿಟ್ಟೆ.

ಪರೀಕ್ಷೆಗೆ ಅವಳ ಪರವಾಗಿ ಬರೆಯಲು ಬೇರೆಯವರು ಬೇಕು, ಅವರು ವಿಜ್ಞಾನ ಓದಿದವರಾಗಿರಬಾರದು. ಆರ್ಟ್ಸಿನ ಒಂದು ಹುಡುಗಿ ಒಪ್ಪಿಕೊಂಡಳು. ಮೊದಲ ದಿನದ ಅಭ್ಯಾಸದಲ್ಲಿ ಸೆಲ್ವಿ "ಸ್ಕ್ವೇರ್ ಬ್ರಾಕೆಟ್" ಎಂದರೆ ಆ ಹುಡುಗಿ ಪಾಪ ಅಕ್ಷರದಲ್ಲೇ "ಸ್ಕ್ವೇರ್ ಬ್ರಾಕೆಟ್" ಎಂದು ಬರೆದಿದ್ದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇಬ್ಬರೂ ಸೇರಿ ತಮ್ಮದೇ ಭಾಷೆ ಮಾಡಿಕೊಂಡರು. "ಬಾಗಿಲು ತೆಗಿ", "ಬಾಗಿಲು ಹಾಕು", "ಮೇಲಿನ ಮಹಡಿ", "ಕೆಳಗಿನ ಮಹಡಿ". ಭಿನ್ನರಾಶಿಗಳೂ ಆವರಣ ಚಿಹ್ನೆಗಳೂ ಮನೆಯಂತಾದವು.

ಪ್ರಾಯೋಗಿಕ ಪರೀಕ್ಷೆಯದು ಬೇರೆ ಕಥೆ. ಬಣ್ಣ ಬದಲಾಗುವುದನ್ನು ನೋಡಬೇಕಾದ ಕೆಲಸ ಅವಳಿಂದ ಸಾಧ್ಯವಿರಲಿಲ್ಲ. ಆಸಿಡ್ ಎಂದರೆ ಹೆದರುತ್ತಿದ್ದ ಅದೇ ಹಾಲೇಶಪ್ಪನವರು ಕಚೇರಿಯಿಂದ ಕಚೇರಿಗೆ ಅಲೆದು, ಅವಳಿಗೆ ಮಾತಿನಲ್ಲಿ ಪರೀಕ್ಷೆ ಮಾಡಬಹುದೆಂದು ಅನುಮತಿ ತಂದರು. ಆ ದಿನ ಬಂದ ಹೊರಗಿನ ಪರೀಕ್ಷಕರು ಗಂಭೀರ ಮನುಷ್ಯ. ಅನುಮತಿ ಪತ್ರ ಓದಿ, "ಕೃಪಾಂಕ ಕೊಡೋ ಅಭ್ಯಾಸ ನನಗಿಲ್ಲ ಮೇಡಂ, ಮೊದಲೇ ಹೇಳ್ತೀನಿ," ಎಂದರು.

"ಕೊಡಬೇಡಿ ಸರ್," ಎಂದೆ. ಇದರಲ್ಲಿ ಹೋದರೆ ಅವಳ ವಿಜ್ಞಾನ ಅಲ್ಲಿಗೆ ಮುಗಿಯಿತು.

ಸುಲಭದ ಪ್ರಶ್ನೆಗಳು ಮುಗಿದವು. ಆಮೇಲೆ ಅವರು ಕೇಳಿದರು. "ಎರಡು ಬೀಕರ್. ಎರಡರಲ್ಲೂ ಮೈಲುತುತ್ತದ ದ್ರಾವಣ. ಒಂದು ಗಟ್ಟಿ, ಇನ್ನೊಂದು ನೂರು ಪಟ್ಟು ತೆಳು. ಎರಡರಲ್ಲೂ ತಾಮ್ರದ ಕಡ್ಡಿ. ಜೋಡಿಸಿದ್ರೆ ಯಾವ ಕಡ್ಡಿ ಸವೆಯುತ್ತೆ?"

"ಗಟ್ಟಿ ಇರೋ ಕಡೇದು ಸರ್," ಎಂದಳು ಸೆಲ್ವಿ.

ತಪ್ಪು. ಪರೀಕ್ಷಕರು ಪೆನ್ನು ಎತ್ತಿಕೊಂಡರು. ನಾನು ನೆಲ ನೋಡಿದೆ.

"ಇಲ್ಲ, ಸರ್, ತಡೀರಿ." ಅವಳು ಮೇಜಿನ ಮೇಲೆ ಎರಡೂ ಅಂಗೈಗಳನ್ನು ದೂರ ದೂರ ಇಟ್ಟುಕೊಂಡಳು, ಎರಡು ಬೀಕರು ಹಿಡಿದವಳ ಹಾಗೆ. "ಗಟ್ಟಿ ಕಡೆ ತಾಮ್ರ ಕರಗಿದ್ರೆ ಅದು ಇನ್ನೂ ಗಟ್ಟಿ ಆಗುತ್ತೆ. ತೆಳುವಾಗಿರೋದು ಇನ್ನೂ ತೆಳುವಾಗುತ್ತೆ. ಹಂಗೆ ತಾನಾಗೇ ಆಗೋ ಹಂಗಿದ್ರೆ, ಕಾಫೀಲಿ ಕರಗಿದ ಸಕ್ಕರೆ ಒಂದು ಮೂಲೆಗೆ ಹೋಗಿ ಗುಡ್ಡೆ ಆಗ್ಬೇಕಿತ್ತು. ಆಗಲ್ಲ. ಎರಡೂ ಸಮ ಆಗೋ ಕಡೇಗೇ ಹೋಗ್ಬೇಕು. ತೆಳು ಇರೋ ಕಡೆ ಕಡ್ಡಿ ಸವೆಯುತ್ತೆ ಸರ್. ಗಟ್ಟಿ ಇರೋ ಕಡೆ ಕಡ್ಡಿ ಮೇಲೆ ತಾಮ್ರ ಕೂರುತ್ತೆ."

ಸ್ವಲ್ಪ ಹೊತ್ತು ತುಟಿ ಅಲುಗಿಸಿ ಲೆಕ್ಕ ಹಾಕಿ, "ಐವತ್ತೊಂಬತ್ತು ಮಿಲಿವೋಲ್ಟ್," ಎಂದಳು.

ಪರೀಕ್ಷಕರು ಪೆನ್ನು ಕೆಳಗಿಟ್ಟರು. ನಿಯಮದ ಪ್ರಕಾರ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅವರು ಎದ್ದು, ಅಂಗಿಯ ತೋಳು ಮಡಿಸಿ, ತಾವೇ ಎರಡು ಬೀಕರು ತೊಳೆದರು. ದ್ರಾವಣ ಮಾಡಿದರು, ಕಡ್ಡಿಗಳನ್ನು ಉಜ್ಜಿ ಇಳಿಸಿದರು, ಒದ್ದೆ ಕಾಗದದ ಸೇತುವೆ ಹಾಕಿದರು. ಮಲ್ಟಿಮೀಟರು ಜೋಡಿಸಿ ಅದರ ಮೇಲೆ ಬಗ್ಗಿದರು.

"ದಿಕ್ಕು ಸರಿ ಇದೆಯಮ್ಮಾ," ಎಂದರು. ದನಿ ಬದಲಾಗಿತ್ತು. "ನೀನು ಹೇಳಿದ ಕಡ್ಡೀನೇ ಸವೀತಿದೆ. ಆದ್ರೆ ಐವತ್ತೊಂಬತ್ತು ಇಲ್ಲ. ಮೂವತ್ತರ ಹತ್ತಿರ ಇದೆ."

"ಉಳಿದಿದ್ದು ಎಲ್ಲಿ ಹೋಯ್ತು ಸರ್?" ಎಂದು ಸೆಲ್ವಿ ಕೇಳಿದಳು.

ಅವರು ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತರು. ಪಿಯುಸಿ ಪುಸ್ತಕದಲ್ಲಿ ಇಲ್ಲದ ಮಾತು ಹೇಳತೊಡಗಿದರು. ತೆಳು ದ್ರಾವಣದಲ್ಲಿ ಅಯಾನುಗಳು ದೂರ ದೂರ ಇರುತ್ತವೆ, ಹೆಚ್ಚು ಕಮ್ಮಿ ಸ್ವತಂತ್ರ. ಗಟ್ಟಿ ದ್ರಾವಣದಲ್ಲಿ ಒಂದನ್ನೊಂದು ಹಿಡಿದೆಳೆಯುತ್ತಿರುತ್ತವೆ. ಇರುವುದು ನೂರಾದರೂ ಕೆಲಸಕ್ಕೆ ಸಿಗುವುದು ಕೆಲವೇ. ನಮ್ಮ ಸೂತ್ರ ಎಲ್ಲವನ್ನೂ ಎಣಿಸುತ್ತದೆ, ಕೋಶ ಬಿಡುವಾಗಿರುವುದನ್ನು ಮಾತ್ರ ಎಣಿಸುತ್ತದೆ. "ಸಂತೆ ದಿನ ಬಸ್ ಸ್ಟ್ಯಾಂಡಲ್ಲಿ ನಿಂತ ಹಾಗೆ," ಎಂದಳು ಸೆಲ್ವಿ. "ಜನ ತುಂಬಾ ಇರ್ತಾರೆ, ಬಸ್ ಹತ್ತೋಕೆ ಆಗೋದು ಕೆಲವರಿಗೇ." "ಹಂಗೇ ಅಂದ್ಕೋ," ಎಂದು ಅವರು ಮೊದಲ ಸಲ ನಕ್ಕರು. ಹೊರಗೆ ಬೇರೆ ಮಕ್ಕಳು ಕಾಯುತ್ತಿದ್ದರು. ಪಾಪ, ಅವರ ಸರದಿ ತಡವಾಯಿತು.

ಅವರು ಎಷ್ಟು ಅಂಕ ಕೊಟ್ಟರೆಂದು ನಾನು ಕೇಳಲಿಲ್ಲ. ಹೋಗುವಾಗ ಮೆಟ್ಟಿಲ ಹತ್ತಿರ ನಿಂತು, "ಮೇಡಂ, ಎಷ್ಟೋ ವರ್ಷದಿಂದ ಈ ಪ್ರಶ್ನೆ ಕೇಳ್ತಿದ್ದೀನಿ. ಇವತ್ತೇ ಮೊದಲು ಅದನ್ನ ಮಾಡಿ ನೋಡಿದ್ದು," ಎಂದರು.

ಸೆಲ್ವಿ ಪಾಸಾದಳು. ಮುಂದೆ ಗಣಿತ ತೆಗೆದುಕೊಂಡು ಡಿಗ್ರಿ ಮಾಡಿದಳು, ಪರೀಕ್ಷೆ ಬರೆದು ಬ್ಯಾಂಕಿಗೆ ಸೇರಿದಳು. ಈಗ ಶಿವಮೊಗ್ಗದಲ್ಲೇ ಇದ್ದಾಳೆ. ಕಣ್ಣಿನ ಬೆಳಕು ಪೂರ್ತಿ ಹೋಗಿದೆ.

ನನ್ನ ನೌಕರಿಯ ಕೊನೆಗೆ ಕೊರೊನಾ ಬಂತು. ಮೊಬೈಲಿನಲ್ಲಿ ಪಾಠ. ಎಲ್ಲ ಮಕ್ಕಳ ಕ್ಯಾಮೆರಾ ಬಂದ್, ನೆಟ್‌ವರ್ಕ್ ಇಲ್ಲದೆ ನನ್ನ ಬೋರ್ಡೂ ಕಲ್ಲಾಗಿ ನಿಂತುಬಿಡುತ್ತಿತ್ತು, ದನಿ ಮಾತ್ರ ಹೋಗುತ್ತಿತ್ತು. ಸಹೋದ್ಯೋಗಿಗಳು ತಲೆ ಮೇಲೆ ಕೈ ಹೊತ್ತರು. ನನಗೆ ದನಿಯಲ್ಲಿ ಲೆಕ್ಕ ಮಾಡಿಸುವುದು ಗೊತ್ತಿತ್ತು. ಕಲಿಸಿದವಳು ಸೆಲ್ವಿ.

ಈಗ ಭಾನುವಾರ ಬೆಳಗ್ಗೆ ಅವಳು ನಮ್ಮ ಮನೆಗೆ ಬರುತ್ತಾಳೆ. ನಾವಿಬ್ಬರೂ ಲೆಕ್ಕಗಳನ್ನು ಮಾತಿನಲ್ಲಿ ಬಿಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇವೆ. ಕಣ್ಣು ಕಾಣದ ಮಕ್ಕಳು ಕೇಳಲಿ ಎಂದು ಶುರು ಮಾಡಿದ್ದು, ಈಗ ಕಾಣುವವರೂ ಕೇಳುತ್ತಾರೆ. ಮೊನ್ನೆ ಭಾನುವಾರ ಹತ್ತಿರದ ಕುಂಸಿಯಿಂದ ಒಬ್ಬಳು ಹುಡುಗಿ ಫೋನ್ ಮಾಡಿದಳು. ಎರಡು ತಾಮ್ರದ ಕಡ್ಡಿಯ ಪಾಠ ಕೇಳಿದ್ದಳಂತೆ. ಹಿಂದೆ ಎಲ್ಲೋ ದನ ಕೂಗುತ್ತಿತ್ತು.

"ಮೇಡಂ, ಎರಡೂ ಕಡೆ ಸಮ ಆಗೋತನಕ ನಡೆಯುತ್ತೆ ಅಂದ್ರಿ. ಸಮ ಆದ್ಮೇಲೆ ಮೀಟರು ಸೊನ್ನೆ. ಆಗ ಅಯಾನುಗಳು ಸುಮ್ನೆ ನಿಂತುಬಿಡ್ತಾವಾ?"

ಸ್ಪೀಕರಿನಲ್ಲಿದ್ದ ಫೋನನ್ನು ಸೆಲ್ವಿಯ ಕಡೆ ಸರಿಸಿದೆ. ಅವಳು ಫೋನಿನ ಕಡೆ ಮುಖ ತಂದಳು. "ಇಲ್ಲ ಪುಟ್ಟಿ. ನಿಲ್ಲಲ್ಲ. ಕಡ್ಡಿಯಿಂದ ನೀರಿಗೆ ಎಷ್ಟು ಹೋಗ್ತಾವೋ, ನೀರಿಂದ ಕಡ್ಡಿಗೆ ಅಷ್ಟೇ ಬರ್ತಾವೆ. ಹೋಗೋದೂ ಬರೋದೂ ಸಮ, ಅದಕ್ಕೇ ಮೀಟರಿಗೆ ಗೊತ್ತಾಗಲ್ಲ."

ಆ ಕಡೆ ದನ ಮತ್ತೆ ಕೂಗಿತು.

"ಅಕ್ಕಾ," ಎಂದಳು ಆ ಹುಡುಗಿ ಮೆಲ್ಲಗೆ, "ನಮ್ಮನೆ ತಾಮ್ರದ ಹಂಡೇಲಿ ನೀರಿದೆ. ಅಲ್ಲೂನಾ? ಈಗ್ಲೂನಾ?"

"ಒಂದಿಷ್ಟಾದ್ರೂ ಇದ್ದೇ ಇರುತ್ತೆ. ಈಗ್ಲೂ," ಎಂದಳು ಸೆಲ್ವಿ.

ಫೋನು ಕೆಳಗಿಟ್ಟ ಸದ್ದು, ಓಡುವ ಹೆಜ್ಜೆಯ ಸದ್ದು, ಆಮೇಲೆ ದೂರದಲ್ಲಿ ಹಂಡೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.